ಪ್ರಯೋಗಾಲಯದ ಮೇಜಿಗೆ ಕಂಪನ ನಿರೋಧಕ ಆಧಾರಗಳು: ದರಪಟ್ಟಿ ಕೊಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ವಾರ್ಷಿಕ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಆರು ತಿಂಗಳು ಮೀರಿದ ಬಾಕಿಗಳನ್ನು ಪ್ರತ್ಯೇಕವಾಗಿ ನೋಡುವುದು ಲೆಕ್ಕ ಪರಿಶೋಧಕರ ವಾಡಿಕೆ. ಬಾಕಿ ಏಕೆ ಬಂದಿಲ್ಲವೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡೋ ಮೂರೋ ಮಾತ್ರ. ಆದರೆ ಕೆಲವು ವರ್ಷಗಳ ಹಿಂದೆ ಅರಸೀಕೆರೆಯ ಒಬ್ಬ ಸಣ್ಣ ತಯಾರಕರು ಕೊಟ್ಟ ಉತ್ತರವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ಮೇಜು ಅಲುಗುತ್ತದೆಯಂತೆ, ಅದಕ್ಕೆ ಹಣ ತಡೆದಿದ್ದಾರೆ" ಎಂದರು. ಒಂದೂವರೆ ಲಕ್ಷ ರೂಪಾಯಿಗೂ ಮಿಕ್ಕ ಮೊತ್ತವದು. ಗೇಟು, ಕಪಾಟು, ತೆಂಗಿನಕಾಯಿ ಸುಲಿಯುವ ಯಂತ್ರದ ಚೌಕಟ್ಟು ಮುಂತಾದವನ್ನು ಮಾಡಿಕೊಂಡಿದ್ದ ಅವರು ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಗ್ರಾನೈಟ್ ಹಾಸಿನ ಬೆಳಕಿನ ಪ್ರಯೋಗಗಳ ಮೇಜನ್ನು ಒದಗಿಸಿದ್ದರು. ಬೆಸುಗೆಯಲ್ಲಿ ದೋಷವಿರಲಿಲ್ಲ, ಕಲ್ಲಿನಲ್ಲಿಯೂ ದೋಷವಿರಲಿಲ್ಲ. ದೋಷವಿದ್ದುದು ಕಾಲುಗಳ ಮೇಲೆ, ಕಲ್ಲಿನ ಕೆಳಗೆ ಇಟ್ಟಿದ್ದ ನಾಲ್ಕು ರಬ್ಬರು ದಿಂಬುಗಳಲ್ಲಿ.

ಈ ಪ್ರಕರಣವನ್ನು ಬಗೆಹರಿಸುವ ನೆಪದಲ್ಲಿ ನಾನು ತಿಳಿದುಕೊಂಡ ವಿಷಯವನ್ನು ಸದಸ್ಯ ಬಾಂಧವರ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ಕಾರಣವೂ ಇದೆ. 2023ರಲ್ಲಿ ಕೇಂದ್ರ ಸರ್ಕಾರ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಅನುಮೋದನೆ ನೀಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಒಂದು ಕೇಂದ್ರವಾಗಿದೆ. ಇಂತಹ ಸಂಶೋಧನೆಯ ಬಹುಭಾಗ ನಡೆಯುವುದು ಕಂಪನವಿಲ್ಲದ ಮೇಜುಗಳ ಮೇಲೆ. ದೊಡ್ಡ ಸಂಸ್ಥೆಗಳು ಸಿದ್ಧ ಮೇಜುಗಳನ್ನು ಬಹುಪಾಲು ವಿದೇಶಿ ತಯಾರಕರಿಂದ ತರಿಸಿಕೊಳ್ಳಬಹುದು. ಆದರೆ ಕಾಲೇಜುಗಳ, ಸಣ್ಣ ಪರೀಕ್ಷಾಲಯಗಳ ಬೇಡಿಕೆ ನಮ್ಮಂತಹ ಊರುಗಳ ತಯಾರಕರಿಗೂ ಬರುತ್ತದೆ. ಬಂದಾಗ ನಷ್ಟ ಮಾಡಿಕೊಳ್ಳಬಾರದು.

ಮೇಜು ಎಷ್ಟು ನಿಶ್ಚಲವಾಗಿರಬೇಕು?

ಕಾಲೇಜುಗಳಲ್ಲಿ ಬಳಸುವ ಕೆಂಪು ಹೀಲಿಯಂ-ನಿಯಾನ್ ಲೇಸರಿನ ತರಂಗಾಂತರ 632.8 ನ್ಯಾನೋಮೀಟರ್. ಮೈಕೆಲ್‌ಸನ್ ವ್ಯತಿಕರಣ ಮಾಪಕದಲ್ಲಿ ಒಂದೇ ಬೆಳಕನ್ನು ಎರಡು ದಾರಿಗಳಲ್ಲಿ ಕಳುಹಿಸಿ, ಎರಡು ಕನ್ನಡಿಗಳಿಂದ ಹಿಂದಿರುಗಿಸಿ ಮತ್ತೆ ಕೂಡಿಸುತ್ತಾರೆ. ಆಗ ತೆರೆಯ ಮೇಲೆ ಬೆಳಕು-ಕತ್ತಲೆಯ ಪಟ್ಟಿಗಳು ಮೂಡುತ್ತವೆ. ಒಂದು ಕನ್ನಡಿ ತರಂಗಾಂತರದ ಅರ್ಧದಷ್ಟು, ಎಂದರೆ ಸುಮಾರು 316 ನ್ಯಾನೋಮೀಟರ್ ಸರಿದರೆ ಸಾಕು, ಒಂದು ಪಟ್ಟಿ ಇನ್ನೊಂದರ ಜಾಗಕ್ಕೆ ಬಂದು ನಿಲ್ಲುತ್ತದೆ. ಇದು ತಲೆಗೂದಲಿನ ದಪ್ಪದ ಇನ್ನೂರರಲ್ಲಿ ಒಂದು ಭಾಗಕ್ಕೆ ಸಮೀಪ. ಆದುದರಿಂದ ಕೈಗೆ ತಿಳಿಯದ, ಕಣ್ಣಿಗೆ ಕಾಣದ ಅಲುಗಾಟವೂ ಪ್ರಯೋಗವನ್ನು ಕೆಡಿಸಬಲ್ಲದು.

ಈ ತೊಂದರೆ ಹೊಸದೇನಲ್ಲ. ಮೈಕೆಲ್‌ಸನ್ನರೇ 1881ರಲ್ಲಿ ಬರ್ಲಿನ್ನಿನಲ್ಲಿ ಈ ಉಪಕರಣವನ್ನು ಹೂಡಿದಾಗ ಬೀದಿಯ ಸಂಚಾರದ ಕಂಪನದಿಂದ ನಡುರಾತ್ರಿಯಲ್ಲಿಯೂ ಅಳತೆ ಸಾಧ್ಯವಾಗದೆ, ಅದನ್ನು ಪಾಟ್ಸ್‌ಡ್ಯಾಮಿನ ವೀಕ್ಷಣಾಲಯಕ್ಕೆ ಸಾಗಿಸಬೇಕಾಯಿತು. ಅಲ್ಲಿಯೂ ಸುಮಾರು ನೂರು ಮೀಟರು ದೂರದಲ್ಲಿ ಕಾಲಿನಿಂದ ನೆಲವನ್ನು ತುಳಿದರೆ ಪಟ್ಟಿಗಳು ಮಾಯವಾಗುತ್ತಿದ್ದವು. 1887ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮಾರ್ಲಿಯವರೊಡನೆ ಪ್ರಯೋಗವನ್ನು ಪುನಃ ನಡೆಸಿದಾಗ ಉಪಕರಣವನ್ನು ದೊಡ್ಡ ಮರಳುಗಲ್ಲಿನ ಚಪ್ಪಡಿಯ ಮೇಲಿರಿಸಿ, ಆ ಚಪ್ಪಡಿಯನ್ನು ಪಾದರಸದ ಮೇಲೆ ತೇಲಿಸಿದರು. ಭಾರವಾದ ಕಲ್ಲು, ಅದರ ಕೆಳಗೆ ಮೆತ್ತನೆಯ ಆಧಾರ ಎಂಬ ತತ್ತ್ವ ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ. ಪಾದರಸ ವಿಷಕಾರಿಯಾದುದರಿಂದ ಅದರ ಸ್ಥಾನವನ್ನು ಈಗ ಗಾಳಿ ಮತ್ತು ಸ್ಪ್ರಿಂಗು ತುಂಬಿವೆ.

ಕಂಪನ ಎಲ್ಲಿಂದ ಬರುತ್ತದೆ?

ಕಂಪನವನ್ನು ಎರಡು ಅಂಶಗಳಿಂದ ಗುರುತಿಸುತ್ತೇವೆ. ಎಷ್ಟು ದೂರ ಅಲುಗುತ್ತದೆ ಎಂಬುದು ಒಂದು, ಸೆಕೆಂಡಿಗೆ ಎಷ್ಟು ಬಾರಿ ಅಲುಗುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಆವೃತ್ತಿ ಎಂದು ಹೆಸರು, ಅದರ ಮಾನ ಹರ್ಟ್ಜ್. ಆಧಾರಗಳ ಆಯ್ಕೆಯಲ್ಲಿ ಆವೃತ್ತಿಯೇ ಮುಖ್ಯ.

ಮನುಷ್ಯರ ನಡಿಗೆ ಸೆಕೆಂಡಿಗೆ ಸುಮಾರು 2 ಹೆಜ್ಜೆ, ಅಂದರೆ 2 ಹರ್ಟ್ಜ್. ನಮ್ಮ ಕಾರ್ಖಾನೆಗಳ ಸಾಮಾನ್ಯ ಮೋಟಾರು ನಿಮಿಷಕ್ಕೆ 1,440 ಸುತ್ತು ತಿರುಗುತ್ತದೆ. ಅದನ್ನು 60ರಿಂದ ಭಾಗಿಸಿದರೆ 24 ಹರ್ಟ್ಜ್. 960 ಸುತ್ತಿನ ಮೋಟಾರಿಗೆ 16 ಹರ್ಟ್ಜ್. ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ 100 ಹರ್ಟ್ಜ್. ಅರಸೀಕೆರೆಯಂತಹ ರೈಲ್ವೆ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿ ಹಾಯುವಾಗ ಕೆಲವೇ ಹರ್ಟ್ಜ್‌ನಿಂದ ಹಲವು ಹತ್ತು ಹರ್ಟ್ಜ್‌ವರೆಗಿನ ಕಂಪನಗಳು ಒಟ್ಟಾಗಿ ನೆಲದ ಮೂಲಕ ಬರುತ್ತವೆ. ಮಹಡಿಯ ಚಪ್ಪಡಿಯಾದರೋ ತನ್ನದೇ ಆವೃತ್ತಿಯಲ್ಲಿ, ಅದರಲ್ಲಿಯೂ ನಡುಭಾಗದಲ್ಲಿ ಹೆಚ್ಚಾಗಿ ಅಲುಗುತ್ತದೆ.

ನೆಲದ ಕಂಪನವನ್ನು ವೇಗದಲ್ಲಿ ಅಳೆದು ಹೇಳುವ ಅಂತರರಾಷ್ಟ್ರೀಯ ರೂಢಿಯೊಂದಿದೆ. ಆ ಪ್ರಕಾರ ಕಾರ್ಖಾನೆಗೆ ಸೆಕೆಂಡಿಗೆ 800 ಮೈಕ್ರೋಮೀಟರ್, ಕಚೇರಿಗೆ 400 ಮೈಕ್ರೋಮೀಟರ್ ಮಿತಿ. ಸೂಕ್ಷ್ಮ ಉಪಕರಣಗಳಿಗಾಗಿ ವಿ.ಸಿ. ಎಂಬ ಶ್ರೇಣಿಯಿದ್ದು, ಅದರಲ್ಲಿ ವಿ.ಸಿ.-ಎ ಎಂದರೆ 50, ವಿ.ಸಿ.-ಬಿ ಎಂದರೆ 25, ವಿ.ಸಿ.-ಸಿ ಎಂದರೆ 12.5, ವಿ.ಸಿ.-ಡಿ ಎಂದರೆ 6.25 ಮೈಕ್ರೋಮೀಟರ್. ಸೂಕ್ಷ್ಮ ತಕ್ಕಡಿಗಳಿಗೆ ಹಾಗೂ 400 ಪಟ್ಟಿನವರೆಗಿನ ಸೂಕ್ಷ್ಮದರ್ಶಕಗಳಿಗೆ ಸಾಧಾರಣವಾಗಿ ವಿ.ಸಿ.-ಎ ಸಾಕು. ಗ್ರಾಹಕರ ಬೇಡಿಕೆ ಪತ್ರದಲ್ಲಿ ಈ ಅಕ್ಷರಗಳು ಕಂಡುಬಂದರೆ ಅವು ಅಲಂಕಾರಕ್ಕಲ್ಲ, ಅವೇ ಕರಾರಿನ ಮುಖ್ಯ ಷರತ್ತು ಎಂದು ತಿಳಿಯತಕ್ಕದ್ದು.

ಮೂಲಸೂತ್ರ: ಕುಸಿತವನ್ನು ನೋಡಿ, ದಪ್ಪವನ್ನಲ್ಲ

ಸ್ಪ್ರಿಂಗಿನ ಮೇಲೆ ಭಾರವಿಟ್ಟು ಒತ್ತಿಬಿಟ್ಟರೆ ಅದು ತನ್ನದೇ ಲಯದಲ್ಲಿ ಮೇಲೆ-ಕೆಳಗೆ ಆಡುತ್ತದೆ. ಇದೇ ಅದರ ಸಹಜ ಆವೃತ್ತಿ. ನೆಲದಿಂದ ಬರುವ ಕಂಪನ ಈ ಸಹಜ ಆವೃತ್ತಿಗಿಂತ ಬಹಳ ನಿಧಾನವಾಗಿದ್ದರೆ ಆಧಾರವು ಅದನ್ನು ಹಾಗೆಯೇ ಮೇಲಕ್ಕೆ ಸಾಗಿಸುತ್ತದೆ. ಎರಡೂ ಸಮನಾದರೆ ಕಂಪನ ತಗ್ಗುವ ಬದಲು ಹಲವು ಪಟ್ಟು ಹೆಚ್ಚುತ್ತದೆ. ಇದನ್ನು ಅನುರಣನೆ ಎನ್ನುತ್ತಾರೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಂತೆ. ನೆಲದ ಕಂಪನವು ಸಹಜ ಆವೃತ್ತಿಯ 1.41 ಪಟ್ಟನ್ನು ಮೀರಿದ ಮೇಲೆ ಮಾತ್ರ ತಡೆ ಆರಂಭವಾಗುತ್ತದೆ, ಅನಂತರ ಅದು ವೇಗವಾಗಿ ಹೆಚ್ಚುತ್ತದೆ. 2 ಪಟ್ಟಾದಾಗ ಮೂರರಲ್ಲಿ ಒಂದು ಭಾಗ, 3 ಪಟ್ಟಾದಾಗ ಎಂಟರಲ್ಲಿ ಒಂದು ಭಾಗ, 5 ಪಟ್ಟಾದಾಗ ಇಪ್ಪತ್ತನಾಲ್ಕರಲ್ಲಿ ಒಂದು ಭಾಗ ಮಾತ್ರ ಮೇಲಕ್ಕೆ ಹೋಗುತ್ತದೆ.

ಸಹಜ ಆವೃತ್ತಿಯನ್ನು ತಿಳಿಯಲು ಉಪಕರಣವೇನೂ ಬೇಕಿಲ್ಲ. ಭಾರವಿಟ್ಟಾಗ ಆಧಾರವು ಎಷ್ಟು ಮಿಲಿಮೀಟರು ಕುಸಿಯುತ್ತದೆ ಎಂದು ಅಳೆದು, ಆ ಸಂಖ್ಯೆಯ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಸಹಜ ಆವೃತ್ತಿ ಹರ್ಟ್ಜ್‌ಗಳಲ್ಲಿ ದೊರೆಯುತ್ತದೆ. 24 ಹರ್ಟ್ಜ್ ಕಂಪನಕ್ಕೆ, ಎಂದರೆ 1,440 ಸುತ್ತಿನ ಮೋಟಾರಿಗೆ, ಈ ಲೆಕ್ಕವನ್ನು ಅನ್ವಯಿಸಿದಾಗ ಬರುವ ಫಲಿತಾಂಶ ಈ ಕೆಳಕಂಡಂತಿದೆ:

ಕುಸಿತ 0.5 ಮಿ.ಮೀ. – ಸಹಜ ಆವೃತ್ತಿ 22.3 ಹರ್ಟ್ಜ್ – ಕಂಪನ ಸುಮಾರು 6 ಪಟ್ಟು ಹೆಚ್ಚಳ
ಕುಸಿತ 1 ಮಿ.ಮೀ. – 15.8 ಹರ್ಟ್ಜ್ – ಮುಕ್ಕಾಲು ಭಾಗ ಮೇಲಕ್ಕೆ
ಕುಸಿತ 5 ಮಿ.ಮೀ. – 7.1 ಹರ್ಟ್ಜ್ – ಹತ್ತರಲ್ಲಿ ಒಂದು ಭಾಗ
ಕುಸಿತ 10 ಮಿ.ಮೀ. – 5 ಹರ್ಟ್ಜ್ – ಇಪ್ಪತ್ತೆರಡರಲ್ಲಿ ಒಂದು ಭಾಗ
ಕುಸಿತ 25 ಮಿ.ಮೀ. – 3.2 ಹರ್ಟ್ಜ್ – ಐವತ್ತೇಳರಲ್ಲಿ ಒಂದು ಭಾಗ
ಕುಸಿತ 100 ಮಿ.ಮೀ. – 1.6 ಹರ್ಟ್ಜ್ – ಇನ್ನೂರ ಮೂವತ್ತರಲ್ಲಿ ಒಂದು ಭಾಗ

ಇದು ಅವಮಂದನವನ್ನು, ಎಂದರೆ ಆಡುವಿಕೆಯನ್ನು ತಾನಾಗಿ ನಿಲ್ಲಿಸುವ ಗುಣವನ್ನು, ಬಿಟ್ಟು ಮಾಡಿದ ಸರಳ ಲೆಕ್ಕ. ವಾಸ್ತವದಲ್ಲಿ ಹೆಚ್ಚಳವೂ ತಡೆಯೂ ಸ್ವಲ್ಪ ಕಡಿಮೆಯಾಗುತ್ತವೆ. ಆದರೆ ಕ್ರಮ ಬದಲಾಗುವುದಿಲ್ಲ.

ನಮ್ಮ ತಯಾರಕರ ಪ್ರಕರಣವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡೋಣ. ಅವರು "ಭಾರವಾದ ಕಲ್ಲು, ಗಟ್ಟಿ ರಬ್ಬರೇ ಇರಲಿ" ಎಂದು ಎರಡು ಅಂಗುಲ ದಪ್ಪದ ಬಿಗಿಯಾದ ದಿಂಬುಗಳನ್ನು ಹೆಚ್ಚು ಬೆಲೆ ಕೊಟ್ಟು ಕೊಂಡಿದ್ದರು. ಕಲ್ಲಿನ ಭಾರಕ್ಕೆ ಅವು ಕುಸಿದದ್ದು ಸುಮಾರು ಅರ್ಧ ಮಿಲಿಮೀಟರು. ಲೆಕ್ಕದಂತೆ 22 ಹರ್ಟ್ಜ್. ರಬ್ಬರು ನಿಂತ ಭಾರಕ್ಕಿಂತ ಅಲುಗುವ ಭಾರಕ್ಕೆ ಇನ್ನಷ್ಟು ಬಿಗಿಯಾಗಿ ವರ್ತಿಸುವುದರಿಂದ ನಿಜವಾದ ಆವೃತ್ತಿ 24ರ ಸಮೀಪ. ಗೋಡೆಯಾಚೆಗಿನ ಕಾರ್ಯಾಗಾರದಲ್ಲಿ ಓಡುತ್ತಿದ್ದುದು 1,440 ಸುತ್ತಿನ ಮೋಟಾರು! ದಿಂಬುಗಳನ್ನು ತೆಗೆದು ಕಲ್ಲನ್ನು ನೇರವಾಗಿ ಕಬ್ಬಿಣದ ಚೌಕಟ್ಟಿನ ಮೇಲೆ ಇರಿಸಿದ್ದರೂ ಪಟ್ಟಿಗಳು ಅಷ್ಟು ಕುಣಿಯುತ್ತಿರಲಿಲ್ಲ. ಕಾರ್ಯಾಗಾರ ಮುಚ್ಚಿದ ಭಾನುವಾರದಂದು ಪಟ್ಟಿಗಳು ಬಹುಮಟ್ಟಿಗೆ ಶಾಂತವಾದುದೇ ಇದಕ್ಕೆ ಸಾಕ್ಷಿಯಾಯಿತು.

ಆಧಾರಗಳ ಬಗೆಗಳು

ರಬ್ಬರು ಮತ್ತು ಕಾರ್ಕು: ಬೆಲೆ ಕಡಿಮೆ, ಅವಮಂದನ ಚೆನ್ನಾಗಿದೆ. ಆದರೆ ಸಾಮಾನ್ಯ ದಿಂಬುಗಳ ಕುಸಿತ ಕೆಲವೇ ಮಿಲಿಮೀಟರು. ಶಬ್ದಕ್ಕೆ, ಹೆಚ್ಚಿನ ಆವೃತ್ತಿಯ ಅದಿರಾಟಕ್ಕೆ ಒಳ್ಳೆಯದು. ಬೆಳಕಿನ ಪ್ರಯೋಗಗಳಿಗೆ ಇದೊಂದೇ ಸಾಲದು.

ತೆಂಗಿನ ನಾರು: ತೆಂಗಿನ ನಾಡಿನವರಾದ ನಮಗೆ ಮೊದಲು ಹೊಳೆಯುವುದು ಇದೇ. ರಬ್ಬರು ಬೆರೆಸಿದ ನಾರಿನ ಹಾಸು ಸಾಗಣೆಯಲ್ಲಿ ಉಪಕರಣಗಳನ್ನು ಕಾಪಾಡಲು ಉತ್ತಮ. ಆದರೆ ತಿಂಗಳುಗಟ್ಟಲೆ ಭಾರ ಹೊತ್ತರೆ ಅದು ಅದುಮಿಕೊಂಡು ಹಾಗೆಯೇ ಉಳಿದುಬಿಡುತ್ತದೆ, ಮಟ್ಟವೂ ತಪ್ಪುತ್ತದೆ. ಶಾಶ್ವತ ಆಧಾರಕ್ಕೆ ತಕ್ಕುದಲ್ಲ.

ಉಕ್ಕಿನ ಸ್ಪ್ರಿಂಗು: ಬೇಕಾದ ಕುಸಿತವನ್ನು ಲೆಕ್ಕ ಹಾಕಿ ಮಾಡಿಸಬಹುದು, ವರ್ಷಗಟ್ಟಲೆ ಬದಲಾಗುವುದಿಲ್ಲ. ಅವಮಂದನ ಬಹುತೇಕ ಇಲ್ಲದಿರುವುದೇ ಇದರ ಕೊರತೆ. ಒಮ್ಮೆ ಮುಟ್ಟಿದರೆ ಬಹಳ ಹೊತ್ತು ಆಡುತ್ತಲೇ ಇರುತ್ತದೆ. ಆದುದರಿಂದ ಜೊತೆಗೆ ರಬ್ಬರಿನ ತೋಳು ಅಥವಾ ಎಣ್ಣೆಯ ಕುಡಿಕೆಯಲ್ಲಿ ಮುಳುಗಿದ ಬಿಲ್ಲೆಯನ್ನು ಅಳವಡಿಸಬೇಕು.

ಗಾಳಿಯ ಆಧಾರ: ಉನ್ನತ ಪ್ರಯೋಗಾಲಯಗಳು ಬಳಸುವುದು ಇದನ್ನೇ. 1.5 ಹರ್ಟ್ಜ್ ಬೇಕೆಂದರೆ ಸ್ಪ್ರಿಂಗು ಸುಮಾರು 110 ಮಿ.ಮೀ. ಕುಸಿಯಬೇಕಾಗುತ್ತದೆ, ಅಷ್ಟು ಮೆತ್ತನೆಯ ಸ್ಪ್ರಿಂಗಿನ ಮೇಲೆ ಮೇಜು ವಾಲಾಡುತ್ತದೆ. ಗಾಳಿಯ ಕೋಶದಲ್ಲಿ ಭಾರವನ್ನು ಒತ್ತಡವೇ ಹೊರುವುದರಿಂದ ಈ ತೊಡಕಿಲ್ಲ. 100 ಕೆ.ಜಿ. ಭಾರವನ್ನು 10 ಸೆಂ.ಮೀ. ವ್ಯಾಸದ ಬಿಲ್ಲೆ ಹೊರಲು ಚದರ ಸೆಂಟಿಮೀಟರಿಗೆ ಸುಮಾರು 1.3 ಕೆ.ಜಿ. ಒತ್ತಡ ಸಾಕು. ಸ್ವಯಂಚಾಲಿತ ಕವಾಟಗಳು ಗಾಳಿಯನ್ನು ಕೂಡಿಸಿ ಕಳೆದು ಮಟ್ಟವನ್ನು ಕಾಯುತ್ತವೆ. ಶುದ್ಧವಾದ, ತೇವವಿಲ್ಲದ ಗಾಳಿ ಅಥವಾ ನೈಟ್ರೋಜನ್ ಸಿಲಿಂಡರಿನ ಖರ್ಚನ್ನು ಮರೆಯಬಾರದು. ಕಂಪ್ರೆಸರನ್ನು ಅದೇ ಕೋಣೆಯಲ್ಲಿಟ್ಟರೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ.

ಸ್ಕೂಟರಿನ ಟ್ಯೂಬು: ವಿದ್ಯಾರ್ಥಿಗಳ ಪ್ರಾತ್ಯಕ್ಷಿಕೆಗೆ ಇದೇ ಬಡವರ ಗಾಳಿ ಆಧಾರ. ಕಲ್ಲು ತೇಲುವಷ್ಟು ಮಾತ್ರ, ಮೆತ್ತಗೆ ಗಾಳಿ ತುಂಬಬೇಕು. ಗಾಳಿ ಇಳಿಯುವುದರಿಂದ ಆಗಾಗ ನೋಡಿಕೊಳ್ಳಬೇಕು. ಬಿಲ್ಲು ಹಾಕಿ ಮಾರುವ ವಸ್ತುವಲ್ಲ.

ಮೇಜಿನ ಹಾಸಿನ ವಿಷಯದಲ್ಲಿಯೂ ಒಂದು ಮಾತು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಬಳಪದ ಕಲ್ಲನ್ನು ಆರಿಸಿದ್ದು ಅದು ಉಳಿಗೆ ಸುಲಭವಾಗಿ ಒಗ್ಗುತ್ತದೆಂದು. ಮೇಜಿಗೆ ಬೇಕಾದುದು ಇದಕ್ಕೆ ವಿರುದ್ಧವಾದ ಗುಣ: ಗಡಸುತನ, ಬಾಗದಿರುವಿಕೆ. ಆದುದರಿಂದ ನಮ್ಮ ರಾಜ್ಯದಲ್ಲಿಯೇ ದೊರೆಯುವ ಕಪ್ಪು ಗ್ರಾನೈಟ್ ಸೂಕ್ತ. ದುಬಾರಿ ಮೇಜುಗಳಲ್ಲಿ ಎರಡು ಉಕ್ಕಿನ ಹಾಳೆಗಳ ನಡುವೆ ಜೇನುಗೂಡಿನಂತಹ ಒಳರಚನೆ ಇರುತ್ತದೆ.

ನಾಲ್ಕು ಕಾಲು, ಮೂರು ಬಿಂದು

ಬೇಲೂರಿನ ಚೆನ್ನಕೇಶವ ದೇವಾಲಯದ ಆವರಣದಲ್ಲಿ ಸುಮಾರು 42 ಅಡಿ ಎತ್ತರದ ಕಲ್ಲಿನ ಕಂಬವನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಅದನ್ನು ನೆಲದಲ್ಲಿ ಹೂಳಿಲ್ಲ, ವೇದಿಕೆಯ ಮೇಲೆ ತನ್ನ ಭಾರದಿಂದಲೇ ನಿಂತಿದೆ. ಒಂದು ಬದಿಯಲ್ಲಿ ಕಂಬದ ಬುಡಕ್ಕೂ ವೇದಿಕೆಗೂ ನಡುವೆ ಕಾಗದವನ್ನು ತೂರಿಸಿ ತೋರಿಸುವುದು ಅಲ್ಲಿನ ಮಾರ್ಗದರ್ಶಕರ ರೂಢಿ. ಇದರಲ್ಲಿ ಪವಾಡವೇನಿಲ್ಲ. ಗಡಸು ವಸ್ತು ಗಡಸು ನೆಲದ ಮೇಲೆ ನಿಂತಾಗ ಮೂರು ಬಿಂದುಗಳಲ್ಲಿ ಭಾರ ಊರಿದರೆ ಸಾಕು, ನಾಲ್ಕನೆಯ ಮೂಲೆ ತುಸು ತೇಲಿಕೊಂಡಿರಬಹುದು. ಮೂರು ಕಾಲಿನ ಮಣೆ ಎಲ್ಲಿಟ್ಟರೂ ಅಲುಗದಿರುವುದೂ ನಾಲ್ಕು ಕಾಲಿನ ಕುರ್ಚಿ ಅಲುಗುವುದೂ ಇದೇ ಕಾರಣಕ್ಕೆ.

ಕಂಬಕ್ಕೆ ಇದರಿಂದ ಕೇಡಿಲ್ಲ, ಮೇಜಿಗೆ ಇದೆ. ನಮ್ಮ ತಯಾರಕರ ಮೇಜಿನಲ್ಲಿ ಒಂದು ದಿಂಬಿನ ಮೇಲೆ ಬೇಲೂರಿನ ಕಂಬದಂತೆಯೇ ಕಾಗದ ಸಲೀಸಾಗಿ ಹಾದುಹೋಯಿತು! ದಿಂಬುಗಳು ಕುಸಿಯುವುದೇ ಅರ್ಧ ಮಿಲಿಮೀಟರಾದರೆ, ಚೌಕಟ್ಟಿನ ಒಂದು ಮೂಲೆ ಒಂದು ಮಿಲಿಮೀಟರು ತಗ್ಗಿದ್ದರೂ ಅಲ್ಲಿನ ದಿಂಬು ತನ್ನ ಪಾಲಿನ ಭಾರವನ್ನು ಪೂರ್ತಿಯಾಗಿ ಹೊರುವುದಿಲ್ಲ. ಅದರ ಅಕ್ಕಪಕ್ಕದವು ಲೆಕ್ಕಕ್ಕಿಂತ ಹೆಚ್ಚು ಹೊರುತ್ತವೆ. ಅದೇ 25 ಮಿ.ಮೀ. ಕುಸಿಯುವ ಸ್ಪ್ರಿಂಗಾದರೆ ಒಂದು ಮಿಲಿಮೀಟರಿನ ಏರುಪೇರಿನಿಂದ ಭಾರದಲ್ಲಿ ಆಗುವ ವ್ಯತ್ಯಾಸ ಶೇಕಡಾ 4ನ್ನು ಮೀರುವುದಿಲ್ಲ. ಗಾಳಿಯ ಆಧಾರಗಳ ತಯಾರಕರು ಈ ಸಮಸ್ಯೆಯನ್ನು ಇನ್ನೊಂದು ರೀತಿಯಲ್ಲಿ ಬಿಡಿಸಿದ್ದಾರೆ. ಕಾಲು ನಾಲ್ಕಿದ್ದರೂ ಮಟ್ಟದ ಕವಾಟಗಳು ಮೂರೇ. ಎರಡು ಕಾಲುಗಳನ್ನು ಒಂದೇ ನಳಿಕೆಯಿಂದ ಜೋಡಿಸಿ ಒಂದು ಕವಾಟಕ್ಕೆ ಒಪ್ಪಿಸುತ್ತಾರೆ. ನಾಲ್ಕು ಕವಾಟಗಳಿಟ್ಟರೆ ಅವು ಒಂದಕ್ಕೊಂದು ಹೋರಾಡುತ್ತ ಮೇಜನ್ನು ಎಂದಿಗೂ ಸ್ತಿಮಿತಕ್ಕೆ ಬರಗೊಡುವುದಿಲ್ಲ.

ಅಳವಡಿಕೆಯ ಕ್ರಮ

1. ಸ್ಥಳ: ಸಾಧ್ಯವಾದಷ್ಟೂ ನೆಲಮಾಳಿಗೆ ಅಥವಾ ನೆಲಮಹಡಿ. ಮಹಡಿಯ ಮೇಲೆಯೇ ಆಗಬೇಕಾದರೆ ಚಪ್ಪಡಿಯ ನಡುವೆ ಬೇಡ, ಕಂಬ ಅಥವಾ ಭಾರ ಹೊರುವ ಗೋಡೆಯ ಸಮೀಪವಿರಲಿ. ಮೋಟಾರು, ಓಡಾಟದ ಹಾದಿ, ದಡಾರನೆ ಮುಚ್ಚುವ ಬಾಗಿಲು ಇವುಗಳಿಂದ ದೂರವಿರಲಿ. ಸ್ಥಳದ ಆಯ್ಕೆಗೆ ಹಣ ಬೇಕಿಲ್ಲ, ಆದರೆ ಅದರಿಂದಾಗುವ ಲಾಭ ಎಲ್ಲಕ್ಕಿಂತ ದೊಡ್ಡದು.

2. ಅಳತೆ: ಬಟ್ಟಲಿನ ನೀರಿನ ಮೇಲೆ ಲೇಸರನ್ನು ಬೀಳಿಸಿ ಗೋಡೆಯ ಮೇಲಿನ ಪ್ರತಿಬಿಂಬವನ್ನು ನೋಡಿದರೆ ಒರಟು ಅಂದಾಜು ಸಿಗುತ್ತದೆ. ಮೊಬೈಲ್ ಫೋನಿನ ಸಂವೇದಕ ಪ್ರಬಲವಾದ ಮೋಟಾರಿನ ಆವೃತ್ತಿಯನ್ನು ಗುರುತಿಸಬಲ್ಲದು, ಆದರೆ ಸೂಕ್ಷ್ಮ ಕಂಪನಕ್ಕೆ ಅದು ಸಾಲದು. ಬೇಡಿಕೆ ಪತ್ರದಲ್ಲಿ ವಿ.ಸಿ. ಶ್ರೇಣಿಯಿದ್ದರೆ ತಕ್ಕ ಉಪಕರಣದಿಂದ ಅಳೆಯಿಸಿ ವರದಿ ಪಡೆಯತಕ್ಕದ್ದು. ಹಗಲಿನಲ್ಲಿ, ಯಂತ್ರಗಳು ಓಡುವಾಗಲೇ ಅಳೆಯಬೇಕು.

3. ಭಾರ: 1,500 ಮಿ.ಮೀ. ಉದ್ದ, 900 ಮಿ.ಮೀ. ಅಗಲ, 100 ಮಿ.ಮೀ. ದಪ್ಪದ ಕಪ್ಪು ಗ್ರಾನೈಟ್ ಹಾಸು ಸುಮಾರು 400 ಕೆ.ಜಿ. ತೂಗುತ್ತದೆ. ಉಪಕರಣಗಳು 40 ಕೆ.ಜಿ. ಎಂದಾದರೆ ನಾಲ್ಕು ಆಧಾರಗಳಿಗೆ ತಲಾ 110 ಕೆ.ಜಿ. 25 ಮಿ.ಮೀ. ಕುಸಿತ ಬೇಕಾದರೆ ಸ್ಪ್ರಿಂಗಿನ ಬಿಗಿತ ಮಿಲಿಮೀಟರಿಗೆ 4.4 ಕೆ.ಜಿ. ಇರಬೇಕು. ಸ್ಪ್ರಿಂಗು ಮಾಡುವವರಿಗೆ ಈ ಸಂಖ್ಯೆಯನ್ನೇ ಕೊಡಬೇಕು. "ಗಟ್ಟಿಯದು", "ಮೆತ್ತನೆಯದು" ಎಂಬ ಮಾತುಗಳಿಂದ ಪ್ರಯೋಜನವಿಲ್ಲ.

4. ಆಧಾರಗಳ ಸ್ಥಾನ: ಹಾಸಿನ ತುದಿಗಳಿಗೆ ಅಲ್ಲ, ತುದಿಯಿಂದ ಉದ್ದದ ಶೇಕಡಾ 22ರಷ್ಟು ಒಳಗೆ. 1,500 ಮಿ.ಮೀ. ಹಾಸಿಗೆ ಎರಡೂ ತುದಿಯಿಂದ 330 ಮಿ.ಮೀ. ಹಾಸು ಬಾಗಿ ಕಂಪಿಸುವಾಗ ಅತಿ ಕಡಿಮೆ ಅಲುಗುವ ಜಾಗ ಅದೇ.

5. ಸ್ಥಿರತೆ: ಆಧಾರಗಳು ಮೆತ್ತಗಾದಷ್ಟೂ ಮೇಜು ವಾಲುವ ಭಯ ಹೆಚ್ಚು. ಅವುಗಳನ್ನು ಚೌಕಟ್ಟಿನ ಬುಡದಲ್ಲಿ ಅಲ್ಲ, ಹಾಸಿಗೆ ತಾಗಿದಂತೆ ಮೇಲ್ಭಾಗದಲ್ಲಿಡಬೇಕು. ಭಾರವಾದ ಉಪಕರಣವನ್ನು ಒಂದೇ ತುದಿಯಲ್ಲಿ ಪೇರಿಸಬಾರದು.

6. ಬಿಡುವು: ಹಾಸು ಗೋಡೆಗಾಗಲಿ ಚೌಕಟ್ಟಿಗಾಗಲಿ ಎಲ್ಲಿಯೂ ತಾಗಬಾರದು. ಬಿಗಿಯಾಗಿ ಎಳೆದ ಒಂದು ವಿದ್ಯುತ್ ತಂತಿ ಅಥವಾ ನೀರಿನ ಕೊಳವೆ ಎಲ್ಲ ಆಧಾರಗಳನ್ನೂ ವ್ಯರ್ಥಗೊಳಿಸಬಲ್ಲದು. ತಂತಿಗಳನ್ನು ಸಡಿಲವಾಗಿ, ಬಳೆಯಂತೆ ಬಾಗಿಸಿ ತರಬೇಕು.

7. ಪರೀಕ್ಷೆ: ಭಾರ ಇಡುವ ಮುನ್ನ ಹಾಗೂ ಇಟ್ಟ ಅನಂತರ ನಾಲ್ಕೂ ಆಧಾರಗಳ ಎತ್ತರವನ್ನು ಅಳೆದು ಕುಸಿತವನ್ನು ಬರೆದಿಡಬೇಕು. ಬಳಿಕ ಹಾಸನ್ನು ಮೆಲ್ಲನೆ ಒತ್ತಿಬಿಟ್ಟು ಆಡುವಿಕೆಯನ್ನು ಎಣಿಸಬೇಕು. 25 ಮಿ.ಮೀ. ಕುಸಿತಕ್ಕೆ ಸೆಕೆಂಡಿಗೆ ಮೂರರಂತೆ ಆಡಿ, ಕೆಲವೇ ಸೆಕೆಂಡುಗಳಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಅವಮಂದನ ಸಾಲದು. ಬೇಗ ಬೇಗ ಆಡಿದರೆ ಎಲ್ಲಿಯೋ ತಾಗುತ್ತಿದೆ.

ಆಧಾರಗಳಿಂದ ಆಗದ ಕೆಲಸ

ಗ್ರಾಹಕರಿಗೆ ಮೊದಲೇ ಹೇಳಬೇಕಾದ ಮಿತಿಗಳಿವೆ. 3 ಹರ್ಟ್ಜ್ ಆಧಾರವು 2 ಹರ್ಟ್ಜ್ ನಡಿಗೆಯನ್ನು ತಡೆಯದು, ಸುಮಾರು ಒಂದೂವರೆ ಪಟ್ಟಿಗೂ ಮೇಲೆ ಹೆಚ್ಚಿಸುತ್ತದೆ. ಪ್ರಯೋಗದ ಹೊತ್ತಿನಲ್ಲಿ ಓಡಾಟ ನಿಲ್ಲಿಸುವುದೊಂದೇ ಪರಿಹಾರ. ಮೇಜಿನ ಮೇಲೆಯೇ ಪಂಪು ಅಥವಾ ಫ್ಯಾನು ಇಟ್ಟರೆ ಕೆಳಗಿನ ಆಧಾರ ಏನು ಮಾಡೀತು? ಮಾತಿನ ಶಬ್ದ, ಬೀಸುವ ಗಾಳಿ, ಉಷ್ಣತೆಯ ಏರಿಳಿತ ಇವೂ ಪಟ್ಟಿಗಳನ್ನು ಸರಿಸುತ್ತವೆ. ಅವಕ್ಕೆ ಮೇಜಿನ ಮೇಲೆ ಮುಚ್ಚಳದ ಪೆಟ್ಟಿಗೆ ಬೇಕು. ಸಡಿಲವಾಗಿ ನಿಂತ ಕನ್ನಡಿಯ ತೊಟ್ಟಿಲು ತಯಾರಕರ ಹೊಣೆಯಲ್ಲ.

ವ್ಯವಹಾರದ ದೃಷ್ಟಿಯಿಂದ

ಇನ್ನು ನನ್ನ ವೃತ್ತಿಗೆ ಸೇರಿದ ಭಾಗ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ 15ನೇ ಕಲಮಿನ ಪ್ರಕಾರ ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಖರೀದಿದಾರರು ಒಪ್ಪಿದ ಅವಧಿಯೊಳಗೆ, ಹೇಗೂ ಸರಕನ್ನು ಅಂಗೀಕರಿಸಿದ ದಿನದಿಂದ 45 ದಿನಗಳನ್ನು ಮೀರದಂತೆ ಹಣ ಕೊಡತಕ್ಕದ್ದು. ತಪ್ಪಿದರೆ 16ನೇ ಕಲಮಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಇದನ್ನು ತಿಳಿದ ನಮ್ಮ ತಯಾರಕರು ದಾವೆಯ ಮಾತನ್ನೂ ಆಡಿದ್ದರು.

ಆದರೆ "ಅಂಗೀಕರಿಸಿದ ದಿನ" ಯಾವುದೆಂಬುದನ್ನು ಅದೇ ಕಾಯಿದೆ ವಿವರಿಸಿದೆ. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ತಲುಪಿದ ದಿನವೇ ಅಂಗೀಕಾರದ ದಿನ. ಸಲ್ಲಿಸಿದರೆ, ಆ ಆಕ್ಷೇಪಣೆಯನ್ನು ಮಾರಾಟಗಾರರು ನಿವಾರಿಸಿದ ದಿನ ಅಂಗೀಕಾರದ ದಿನ. ಕಾಲೇಜಿನವರು ಹತ್ತನೆಯ ದಿನವೇ ಪತ್ರ ಬರೆದಿದ್ದರು. ಎಂದರೆ 45 ದಿನಗಳ ಗಡಿಯಾರ ಇನ್ನೂ ಓಡಲು ಆರಂಭಿಸಿರಲೇ ಇಲ್ಲ! ಕಾನೂನಿನ ಬಾಗಿಲು ತೆರೆಯಬೇಕಾದರೆ ಮೊದಲು ಮೇಜು ನಿಶ್ಚಲವಾಗಬೇಕಾಗಿತ್ತು.

ವ್ಯಾಪಾರಿ ಬಂಧುಗಳು ಇನ್ನೊಂದು ಅಂಶವನ್ನು ಗಮನಿಸಬೇಕು. ಸಗಟು ಹಾಗೂ ಚಿಲ್ಲರೆ ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ ನೋಂದಣಿಗೆ ಅವಕಾಶ ದೊರೆತರೂ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಯಿತು. ತಯಾರಿಸದೆ, ಕೊಂಡು ಮಾರುವವರು 45 ದಿನಗಳ ರಕ್ಷಣೆಯನ್ನು ನಂಬಿ ಕೂರುವಂತಿಲ್ಲ. ಅವರಿಗೆ ಖರೀದಿ ಆದೇಶದ ಷರತ್ತುಗಳೇ ರಕ್ಷಣೆ.

ಆದುದರಿಂದ ದರಪಟ್ಟಿ ಕೊಡುವಾಗ ಈ ಅಂಶಗಳು ಲಿಖಿತವಾಗಿರಲಿ: ಒಟ್ಟು ಭಾರ ಮತ್ತು ಅದರ ಹಂಚಿಕೆ, ಆಧಾರಗಳ ಕುಸಿತ ಹಾಗೂ ಸಹಜ ಆವೃತ್ತಿ, ಯಾವ ಆವೃತ್ತಿಯಿಂದ ಮೇಲಿನ ಕಂಪನವನ್ನು ಎಷ್ಟು ಭಾಗಕ್ಕೆ ತಗ್ಗಿಸಲಾಗುವುದು ಎಂಬ ಭರವಸೆ, ಭರವಸೆಗೆ ಒಳಪಡದ ಸಂಗತಿಗಳು, ಸ್ಥಳ ಪರಿಶೀಲನೆಯ ಶುಲ್ಕ, ಮತ್ತು ಅಳವಡಿಕೆಯ ದಿನವೇ ಇಬ್ಬರ ಸಮ್ಮುಖದಲ್ಲಿ ನಡೆಯುವ ಅಂಗೀಕಾರ ಪರೀಕ್ಷೆಯ ವಿಧಾನ. ಪರೀಕ್ಷೆಯ ಹಾಳೆಗೆ ಇಬ್ಬರೂ ಸಹಿ ಹಾಕಿದರೆ ಅಂಗೀಕಾರದ ದಿನದ ಬಗ್ಗೆ ವಿವಾದವೇ ಉಳಿಯುವುದಿಲ್ಲ. ಸ್ಥಳ ನೋಡುವ ಮುನ್ನ "ಕಂಪನರಹಿತ ಮೇಜು" ಎಂದು ಬರೆದುಕೊಡುವುದು ಭರ್ತಿ ಮಾಡದ ಚೆಕ್ಕಿಗೆ ಸಹಿ ಹಾಕಿದಂತೆ.

ನಮ್ಮ ತಯಾರಕರು ಕೊನೆಗೆ ದಿಂಬುಗಳನ್ನು ತೆಗೆದು, 25 ಮಿ.ಮೀ. ಕುಸಿಯುವ ನಾಲ್ಕು ಸ್ಪ್ರಿಂಗುಗಳನ್ನು ರಬ್ಬರಿನ ತೋಳುಗಳೊಡನೆ ಅಳವಡಿಸಿದರು. ಮೇಜನ್ನು ಕಾರ್ಯಾಗಾರದ ಗೋಡೆಯಿಂದ ಎದುರು ಮೂಲೆಗೆ ಸರಿಸಲಾಯಿತು. ಮೋಟಾರು ಓಡುತ್ತಿರುವಾಗಲೇ ಪಟ್ಟಿಗಳು ನಿಂತವು. ಹೊಸ ಸ್ಪ್ರಿಂಗುಗಳಿಗೆ ತಗುಲಿದ ವೆಚ್ಚ ಹಳೆಯ ದಿಂಬುಗಳ ಬೆಲೆಗಿಂತ ಕಡಿಮೆಯಿತ್ತು. ಅವರು ಕಳೆದುಕೊಂಡದ್ದು ವಸ್ತುವಿನ ಬೆಲೆಯನ್ನಲ್ಲ, ಹನ್ನೊಂದು ತಿಂಗಳು ಸಿಕ್ಕಿಬಿದ್ದ ಬಂಡವಾಳದ ಬಡ್ಡಿಯನ್ನು.

ಬೆಳಕಿನ ಮೇಜಿನ ವ್ಯವಹಾರವೇ ಇಲ್ಲದ ಸದಸ್ಯರಿಗೂ ಈ ಲೆಕ್ಕ ಉಪಯುಕ್ತ. ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಕಾಫಿ ಸಂಸ್ಕರಣೆಯ ಯಂತ್ರ, ಜನರೇಟರು ಇವುಗಳಿಂದ ನೆರೆಮನೆಗೆ ತೊಂದರೆಯಾಗುವುದೂ, ಪಕ್ಕದ ಯಂತ್ರದಿಂದ ಚಿನ್ನದ ತಕ್ಕಡಿಯ ಅಂಕಿ ನಿಲ್ಲದಿರುವುದೂ ಇದೇ ಕಂಪನದ ಎರಡು ಮುಖಗಳು. 1,440 ಸುತ್ತಿನ ಯಂತ್ರವಾದರೆ, ಅದರ ಕೆಳಗಿನ ಆಧಾರ ಸುಮಾರು 5 ಮಿ.ಮೀ. ಕುಸಿಯುವಂತಿದ್ದರೆ ಹತ್ತರಲ್ಲಿ ಒಂಬತ್ತು ಭಾಗ ಕಂಪನ ನೆಲಕ್ಕೆ ಇಳಿಯುವುದಿಲ್ಲ. ಅಂಗಡಿಯಲ್ಲಿ ದಿಂಬನ್ನು ಕೊಳ್ಳುವಾಗ ಅದರ ದಪ್ಪವೆಷ್ಟು, ಬೆಲೆಯೆಷ್ಟು ಎಂದು ಕೇಳುವುದರ ಜೊತೆಗೆ "ನನ್ನ ಯಂತ್ರದ ಭಾರಕ್ಕೆ ಇದು ಎಷ್ಟು ಮಿಲಿಮೀಟರು ಕುಸಿಯುತ್ತದೆ?" ಎಂದು ಕೇಳಬೇಕು. ಉತ್ತರ ದೊರೆಯದಿದ್ದರೆ ಒಂದು ದಿಂಬನ್ನು ತಂದು, ಭಾರವಿಟ್ಟು, ಅಡ್ಡಪಟ್ಟಿಯಿಂದ ತಾವೇ ಅಳೆದು ನೋಡತಕ್ಕದ್ದು.